ಒಂದು ಲೈನ್ ಹೋದರೆ ಏನಾಗುತ್ತೆ?

ತೋಟಕ್ಕೆ ಮೋಟಾರ್ ಹಾಕುವವರಿಗೆಲ್ಲ ಇದು ಗೊತ್ತು. ವೋಲ್ಟೇಜ್ ಕಮ್ಮಿ ಬಂದರೆ ಮೋಟಾರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ, ಸ್ಟಾರ್ಟರ್ ಟಕ್ ಅಂತ ಟ್ರಿಪ್ ಆಗುತ್ತದೆ. ಮೋಟಾರ್ ಸುಟ್ಟಿರುವುದಿಲ್ಲ, ವೈರೂ ಹೋಗಿರುವುದಿಲ್ಲ. ನಮ್ಮ ಭಾವ ನಡುರಾತ್ರಿ ಬೈದುಕೊಂಡು, ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಿದ್ದುದು ಇದಕ್ಕೇ.

2012ರ ಜುಲೈ 30ರ ರಾತ್ರಿ 2 ಗಂಟೆ 33 ನಿಮಿಷಕ್ಕೆ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ 400 ಕೆವಿ ಲೈನಿನಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಇದೇ. ಲೋಡ್ ವಿಪರೀತ, ವೋಲ್ಟೇಜ್ ಕಮ್ಮಿ. ಅಲ್ಲಿನ ರಿಲೇ, ಅಂದರೆ ಲೈನ್ ಕಾಯುವ ಸಾಧನ, ಇದನ್ನು ನೋಡಿ, ದೂರದಲ್ಲೆಲ್ಲೋ ಶಾರ್ಟ್ ಆಗಿದೆ ಅಂದುಕೊಂಡು ಲೈನ್ ಕಟ್ ಮಾಡಿತು. ಶಾರ್ಟ್ ಎಲ್ಲೂ ಆಗಿರಲಿಲ್ಲ. ಆ ಭಾರ ಉಳಿದ ಲೈನುಗಳ ಮೇಲೆ ಬಿದ್ದು, ಅವೂ ಕಟ್ ಆಗುತ್ತಾ ಹೋಗಿ, ಉತ್ತರದ ಗ್ರಿಡ್, ಅಂದರೆ ಅಲ್ಲಿನ ರಾಜ್ಯಗಳನ್ನು ಜೋಡಿಸುವ ಕರೆಂಟಿನ ಜಾಲ, ಇಡೀ ಮಲಗಿತು. ಮಾರನೇ ದಿನ ಮಧ್ಯಾಹ್ನ 1 ಗಂಟೆ ಹೊತ್ತಿಗೆ ಮತ್ತೆ ಅದೇ ಲೈನ್! ಈ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಹೋದವು. ಸುಮಾರು 60 ಕೋಟಿ ಜನ ಕರೆಂಟಿಲ್ಲದೆ ಕೂತರು.

ಗ್ರಿಡ್ ಎಷ್ಟು ಗಟ್ಟಿ ಅಂತ ನೋಡಲು ಎಂಜಿನಿಯರುಗಳು 'ಎನ್ ಮೈನಸ್ ಒನ್' ಅನ್ನುವ ಲೆಕ್ಕ ಹಾಕುತ್ತಾರೆ. ಎನ್ ಅಂದರೆ ಇರುವ ಲೈನು, ಟ್ರಾನ್ಸ್‌ಫಾರ್ಮರು ಇತ್ಯಾದಿಗಳ ಒಟ್ಟು ಲೆಕ್ಕ. ಒಂದು ಲೈನೋ ಒಂದು ಟ್ರಾನ್ಸ್‌ಫಾರ್ಮರೋ ಹೋಯಿತು ಅಂತಿಟ್ಟುಕೊಂಡು, ಉಳಿದವು ಆ ಭಾರ ತಡೆಯುತ್ತವಾ ಅಂತ ಕಂಪ್ಯೂಟರಿನಲ್ಲಿ ನೋಡುವುದು. ಹೀಗೆ ಒಂದೊಂದನ್ನೇ ತೆಗೆದು ನೋಡುತ್ತಾ ಹೋಗಬೇಕು. ಬರೀ ನಕ್ಷೆ ನೋಡಿ 'ಇನ್ನೊಂದು ದಾರಿ ಇದೆಯಲ್ಲ' ಅಂದರೆ ಆಗಲ್ಲ. ಕರೆಂಟ್ ನಾವು ತೋರಿಸಿದ ದಾರಿಯಲ್ಲಿ ಹೋಗುವುದಿಲ್ಲ. ಇರುವ ಎಲ್ಲ ದಾರಿಯಲ್ಲೂ, ತಡೆ ಕಮ್ಮಿ ಇದ್ದಲ್ಲಿ ಜಾಸ್ತಿ, ಹಂಚಿಕೊಂಡು ನುಗ್ಗುತ್ತದೆ.

ನನ್ನ ತಕರಾರು ಇರುವುದು ಆ 'ಎನ್' ಬಗ್ಗೆ. ಅವತ್ತು ಅದೇ ದಾರಿಯ ಇನ್ನೊಂದು ಸರ್ಕ್ಯೂಟನ್ನು 765 ಕೆವಿಗೆ ಏರಿಸಲು ಬಂದ್ ಮಾಡಿದ್ದರು. ಅಂದರೆ ಒಂದು ಆಗಲೇ ಮೈನಸ್ ಆಗಿತ್ತು. ಯಾವುದೇ ಲೈನ್ ಕೆಲಸಕ್ಕೆ ಬಿಟ್ಟುಕೊಟ್ಟ ಕ್ಷಣ ಲೆಕ್ಕ ಹೊಸದಾಗಿ ಶುರುವಾಗಬೇಕು, ಲೋಡ್ ಅದಕ್ಕೆ ತಕ್ಕ ಹಾಗೆ ಇಳಿಯಬೇಕು. ಇಳಿಸುವುದು ಯಾರಿಗೆ ಇಷ್ಟ ಹೇಳಿ? ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟ್ ಎಲ್ಲರಿಗೂ ಬಾಯಿಪಾಠ. ಅದನ್ನು ಹೊರುವ ಲೈನುಗಳಲ್ಲಿ ಒಂದು ಹೋದರೆ ಗತಿಯೇನು ಅಂತ ಯಾವ ಉದ್ಘಾಟನೆಯಲ್ಲೂ ಯಾರೂ ಕೇಳಿದ್ದು ನಾನು ನೋಡಿಲ್ಲ.

ಅವತ್ತು ಬೆಂಗಳೂರಲ್ಲಿ ನಾವು ಟಿವಿ ನೋಡುತ್ತಾ 'ಅಯ್ಯೋ ಪಾಪ ದೆಹಲಿ' ಅಂದುಕೊಂಡಿದ್ದು ನೆನಪಿದೆ. ನಾವು ಬಚಾವಾಗಿದ್ದು ಜಾಣತನದಿಂದಲ್ಲ. ದಕ್ಷಿಣದ ಗ್ರಿಡ್ಡಿಗೆ ಆಗ ಉಳಿದವುಗಳ ಜೊತೆ ಇದ್ದದ್ದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ, ಸಂಬಂಧ ಮಾತ್ರ, ತಾಲ್ಚೇರ್–ಕೋಲಾರ ಲೈನಿನಂಥದ್ದು. ಅತ್ತ ಕಡೆಯ ಫ್ರೀಕ್ವೆನ್ಸಿಯ, ಅಂದರೆ ಎಸಿ ಕರೆಂಟಿನ ತಾಳದ, ತೂಗಾಟ ಅದರಲ್ಲಿ ಇತ್ತ ದಾಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಎಸಿ ಲೈನ್ ಸೇರಿಸಿದ ಮೇಲೆ ಆ ಗೋಡೆಯೂ ಇಲ್ಲ. ಭಾವನ ತೋಟದ ಮೋಟಾರೂ ಪಂಜಾಬಿನ ಗದ್ದೆಯ ಮೋಟಾರೂ ಈಗ ಒಂದೇ ಫ್ರೀಕ್ವೆನ್ಸಿಗೆ ತಿರುಗುತ್ತಿವೆ.