ಒಂದು ‘ಟು’ ಬಿಟ್ಟಿದ್ದಕ್ಕೆ ಹೋದ ತಟ್ಟೆ ಇಡ್ಲಿ

ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿ, ಕೆಲಸ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಎರಡರ ಮಧ್ಯೆ ಕ್ಯಾತ್ಸಂದ್ರ ಬರುವುದೇ ಇಲ್ಲ, ಅದು ಉಲ್ಟಾ ದಿಕ್ಕು. ಆದರೂ ಕೆಲವು ದಿನ ಗಾಡಿ ತಾನಾಗಿಯೇ ಆ ಕಡೆ ತಿರುಗುತ್ತದೆ, ತಟ್ಟೆ ಇಡ್ಲಿ ಅಂದರೆ ಹಾಗೆ. ಹಾಗೆ ತಿರುಗಿದ ಒಂದು ದಿನ, ಇಂಗ್ಲೆಂಡಿನ ಗಿರಾಕಿ ಜೊತೆ ಇದ್ದ ಆನ್‌ಲೈನ್ ಮೀಟಿಂಗಿಗೆ 20 ನಿಮಿಷ ತಡವಾಯಿತು. ಅವರಿಗೆ ಕ್ಯಾತ್ಸಂದ್ರ ಯಾವ ದಿಕ್ಕು ಅಂತ ಏನು ಗೊತ್ತು, ಸತ್ಯವನ್ನೇ ಹೇಳೋಣ ಅಂತ ಮೆಸೇಜ್ ಹಾಕಿದೆ: ‘ಸಾರಿ ಸರ್, ಐ ಸ್ಟಾಪ್ಡ್ ಈಟಿಂಗ್ ಇಡ್ಲಿ.’

ಇಡ್ಲಿ ತಿನ್ನೋದಕ್ಕೆ ನಿಂತಿದ್ದೆ ಅಂತ ನನ್ನ ಅರ್ಥ. ಇಡ್ಲಿ ತಿನ್ನೋದನ್ನೇ ಬಿಟ್ಟಿದ್ದೇನೆ ಅಂತ ಅವರ ಅರ್ಥ. ಪಾಪ, ಏನೋ ಕಾಯಿಲೆ ಇರಬೇಕು ಅಂದುಕೊಂಡರೋ ಏನೋ, ‘ಟೇಕ್ ಕೇರ್’ ಅಂತ ಉತ್ತರ ಬಂತು. ಎಷ್ಟು ಒಳ್ಳೆಯ ಮನುಷ್ಯ ಅಂತ ನಾನು ಖುಷಿಪಟ್ಟೆ.

ಎರಡು ತಿಂಗಳ ನಂತರ ಅವರೇ ತುಮಕೂರಿಗೆ ಬಂದರು. ನಮ್ಮ ಮ್ಯಾನೇಜರ್ ಎಲ್ಲರನ್ನೂ ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋದರು. ಮಾಣಿ ಬಿಸಿ ಬಿಸಿ ತಟ್ಟೆ ಇಡ್ಲಿ ತಂದ, ಮೇಲೆ ಬೆಣ್ಣೆ ಕರಗುತ್ತಾ ಇತ್ತು. ಎಲ್ಲರ ಮುಂದೂ ಇಟ್ಟ. ನನ್ನ ಮುಂದೆ ಇಡಲು ಬಗ್ಗಿದಾಗ ಸಾಹೇಬರು ಕೈ ಅಡ್ಡ ಹಿಡಿದು ‘ನೋ ನೋ, ಹೀ ಸ್ಟಾಪ್ಡ್’ ಅಂದರು. ಮಾಣಿ ಅದನ್ನು ಪಕ್ಕದ ಟೇಬಲ್ಲಿಗೆ ಕೊಟ್ಟ. ಎರಡು ತಿಂಗಳು ನೆನಪಿಟ್ಟುಕೊಂಡಿದ್ದರಲ್ಲ ಅಂತ ಬೇಜಾರಿನ ಮಧ್ಯೆಯೂ ಮೆಚ್ಚಿಕೊಂಡೆ. ಕಾಫಿ ಕುಡಿದು ಎದ್ದೆ.

ಇದರಲ್ಲಿ ತಪ್ಪು ಪೂರ್ತಿ ನನ್ನದಲ್ಲ. ‘ಸ್ಟಾರ್ಟೆಡ್ ಟು ಈಟ್’ ಅಂದರೂ ‘ಸ್ಟಾರ್ಟೆಡ್ ಈಟಿಂಗ್’ ಅಂದರೂ ಹೆಚ್ಚುಕಮ್ಮಿ ಒಂದೇ, ತಿನ್ನಲು ಶುರು ಮಾಡಿದ ಅಂತ. ಅದನ್ನು ನಂಬಿಕೊಂಡು ‘ಸ್ಟಾಪ್’ ಹತ್ತಿರ ಹೋದರೆ ‘ಟು ಈಟ್’ ಅಂದರೆ ತಿನ್ನಲಿಕ್ಕೆ ನಿಂತ, ‘ಈಟಿಂಗ್’ ಅಂದರೆ ತಿನ್ನೋದನ್ನೇ ನಿಲ್ಲಿಸಿದ. ಶುರುವಿಗೊಂದು ನ್ಯಾಯ, ನಿಲ್ಲಿಸೋದಕ್ಕೆ ಇನ್ನೊಂದು ನ್ಯಾಯ, ಇದು ಮೋಸ ಅಲ್ವಾ?

ಇನ್ನೊಂದು ಸಲ ‘ಫ್ಯೂ ಪೀಸಸ್ ಆರ್ ರೆಡಿ’ ಅಂತ ಬರೆದು ಮ್ಯಾನೇಜರ್ ಹತ್ತಿರ ಬೈಸಿಕೊಂಡೆ. ಕೆಲವು ರೆಡಿ ಇವೆ ಅನ್ನೋದಕ್ಕೆ ಮುಂದೆ ಒಂದು ‘ಎ’ ಬೇಕಂತೆ. ಅದಿಲ್ಲದಿದ್ದರೆ ‘ಏನೂ ಆಗಿಲ್ಲ, ಅಲ್ಲೊಂದು ಇಲ್ಲೊಂದು ಅಷ್ಟೇ’ ಅನ್ನೋ ಧಾಟಿ. ಹೋಗಲಿ ಬಿಡಿ.

ದೊಡ್ಡ ಅವಾಂತರ ಆಗಿದ್ದು ಬೆಂಗಳೂರಿನ ರೈಲಿನಲ್ಲಿ ಯಾರೋ ನನ್ನ ಪರ್ಸ್ ಹೊಡೆದಾಗ. ಫ್ಯಾಕ್ಟರಿಯ ಐಡಿ ಕಾರ್ಡೂ ಅದರಲ್ಲೇ ಇತ್ತು. ಹೊಸದು ಬೇಕು ಅಂತ ಎಚ್‌ಆರ್‌ಗೆ ಅರ್ಜಿ ಬರೆದೆ: ‘ಐ ಹ್ಯಾಡ್ ಸ್ಟೋಲನ್ ಮೈ ಪರ್ಸ್ ಇನ್ ಟ್ರೇನ್.’ ಎಚ್‌ಆರ್ ಹುಡುಗಿ ಕರೆದು, ‘ಸರ್, ನಿಮ್ಮ ಪರ್ಸ್ ನೀವೇ ಯಾಕೆ ಕದ್ರಿ?’ ಅಂದಳು. ‘ಸ್ಟೋಲನ್’ ಕೊನೆಗೆ ಹೋಗಬೇಕಿತ್ತಂತೆ, ‘ಐ ಹ್ಯಾಡ್ ಮೈ ಪರ್ಸ್ ಸ್ಟೋಲನ್’ ಅಂತ. ಪದಗಳು ಅವೇ, ಜಾಗ ಬೇರೆ. ಆದರೆ ‘ಐ ಹ್ಯಾಡ್ ಮೈ ಹೇರ್ ಕಟ್’ ಅಂದರೆ ನಾನೇ ಹೇಳಿ ಕಟಿಂಗ್ ಮಾಡಿಸಿಕೊಂಡೆ ಅಂತ. ಹಾಗಾದರೆ ಅದೇ ಲೆಕ್ಕದಲ್ಲಿ ಪರ್ಸನ್ನು ನಾನೇ ಹೇಳಿ ಕದಿಸಿದೆ ಅಂತ ಆಗಲ್ವೇನಮ್ಮಾ ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಸುಮ್ನೆ ಹೊಸ ಕಾರ್ಡ್ ಕೊಟ್ಟು ಕಳಿಸಿದಳು.

ಈ ವಿಷಯದಲ್ಲಿ ನಮ್ಮ ಕನ್ನಡವೇ ವಾಸಿ. ಮಾಡಿದೆ, ಮಾಡಿಸಿದೆ. ನಡುವೆ ಒಂದು ‘ಸಿ’ ಬಂದರೆ ಮುಗೀತು, ಕೆಲಸ ಮಾಡಿದವರು ಬೇರೆಯವರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಪದಗಳನ್ನು ಆ ಕಡೆ ಈ ಕಡೆ ಎತ್ತಿಡೋ ಕಷ್ಟ ಇಲ್ಲ. ಹೀಗಂತ ಸಾಹೇಬರ ಮುಂದೆಯೂ ಜಂಬ ಕೊಚ್ಚಿದ್ದೆ. ಅವರು ಒಂದು ವಾರ ಇಲ್ಲಿದ್ದವರು, ಕನ್ನಡ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದರು. ಹೊರಡುವ ಹಿಂದಿನ ದಿನ ಕೂದಲು ಕತ್ತರಿಸಿಕೊಳ್ಳಬೇಕು ಅಂದರು, ನಮ್ಮ ಬಟವಾಡಿಯ ಕಟಿಂಗ್ ಶಾಪಿಗೆ ಕರೆದುಕೊಂಡು ಹೋದೆ. ನಾನೇ ಮಾತಾಡ್ತೀನಿ ಅಂತ ನನ್ನನ್ನು ಸುಮ್ಮನಿರಿಸಿ, ಒಳಗೆ ಹೋಗಿ, ಗಟ್ಟಿಯಾಗಿ ಹೇಳಿದರು: ‘ನಮಸ್ಕಾರ. ನಾನು ಕಟಿಂಗ್ ಮಾಡ್ತೀನಿ.’

ಕಟಿಂಗ್ ಶಾಪಿನವನು ಅವರನ್ನು ಮೇಲಿಂದ ಕೆಳಗೆ ನೋಡಿದ. ಕತ್ತರಿ, ಬಾಚಣಿಗೆ ಎರಡನ್ನೂ ಅವರ ಕೈಗೆ ಕೊಟ್ಟು, ತಾನು ಹೋಗಿ ಕುರ್ಚಿಯಲ್ಲಿ ಕೂತ. ‘ಮಾಡಿ ಸಾರ್. ಸೈಡಲ್ಲಿ ಸ್ವಲ್ಪ ಸಣ್ಣಕ್ಕಿರಲಿ.’