ಪಹಣಿಯಲ್ಲಿ ಹೆಸರಿಲ್ಲದ ಹಕ್ಕುದಾರರು

ಬೀದರಿನ ಸಮೀಪ ನಮಗೊಂದು ಬೀಳು ಹೊಲವಿದೆ. ಮೊಳ ಅಗೆಯುವುದರೊಳಗೆ ಜಂಬಿಟ್ಟಿಗೆ ಕಲ್ಲು ಹತ್ತುವ ಆ ಕೆಂಪು ನೆಲವನ್ನು ಹಿರಿಯರು ದನಗಳ ಮೇವಿಗೆಂದೇ ಬಿಟ್ಟಿದ್ದರು. ಪಹಣಿಯಲ್ಲಿ ಈಗ ನನ್ನ ಹೆಸರಿದೆಯಾದರೂ, ಅಲ್ಲಿಯ ನಿವಾಸಿಗಳಾರೂ ಅದನ್ನು ಓದಿದಂತಿಲ್ಲ.

ಮೊದಲ ತಕರಾರು ಟಿಟ್ಟಿಭದ್ದು. ಗೂಡು ಕಟ್ಟುವ ಗೋಜಿಗೇ ಹೋಗದ ಈ ಹಕ್ಕಿ, ಗರಸಿನ ನಡುವೆ ಸಣ್ಣ ಕುಳಿ ಮಾಡಿ, ಕಲ್ಲುಗಳಲ್ಲಿ ಕಲ್ಲಾಗಿ ಬೆರೆತುಹೋಗುವ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆ ನಮಗೆ ಕಾಣುವುದಿಲ್ಲ. ನಾವು ಮಾತ್ರ ಅದಕ್ಕೆ ಬಹುದೂರದಿಂದಲೇ ಕಾಣುತ್ತೇವೆ. ಬೇಸಿಗೆಯ ಕೊನೆಗೆ ಬದು ನೋಡಲು ಹೋದಾಗ ಗಂಡು ಹೆಣ್ಣು ಎರಡೂ ಕೂಡಿ ತಲೆಯ ಮೇಲೆ ಎರಗುತ್ತ ಬೈದ ರೀತಿಗೆ, ಪಕ್ಕದ ಹೊಲದವರು ಬಡಿಗೆ ಹಿಡಿದು ಓಡಿಬಂದು, ಕಳ್ಳ ಯಾವ ಕಡೆ ಹೋದನೆಂದು ನನ್ನನ್ನೇ ಕೇಳಿದರು.

ಮಿರಗದ ಮಳೆ ಬಿದ್ದೊಡನೆ ಮಖಮಲ್ಲಿನಂಥ ಕೆಂಪು ಹುಳಗಳು ಮಣ್ಣಿನಿಂದೆದ್ದು ಬರುತ್ತವೆ. ಅವು ಯಾರ ಗೊಡವೆಗೂ ಹೋಗದ ಸಂಭಾವಿತರಾದ್ದರಿಂದ ಹೇಳುವಂಥದ್ದೇನಿಲ್ಲ.

ಹೇಳಬೇಕಾದದ್ದು ಊಬಿನ ಹುಲ್ಲಿನ ಬಗ್ಗೆ. ದೀಪಾವಳಿಯ ಹೊತ್ತಿಗೆ ಅದು ಬಲಿಯುತ್ತದೆ. ಬೀಜಕ್ಕೆ ಚೂಪಾದ ಮೊನೆ, ಹಿಂದಕ್ಕೆ ಸರಿಯಲು ಬಿಡದ ಗಡಸು ರೋಮ, ಬಾಲದಂತೆ ಉದ್ದನೆಯ ಕಂದು ಊಬು. ತೇವ ತಗುಲಿದರೆ ಊಬಿನ ತಿರುಚು ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ಬೀಜವು ನೆಲದೊಳಗೆ ಇಳಿಯಬೇಕೆಂಬುದು ಪ್ರಕೃತಿಯ ಏರ್ಪಾಡು. ಆದರೆ ನೆಲ ಯಾವುದು, ಧೋತರ ಯಾವುದು ಎಂಬ ಭೇದ ಬೀಜಕ್ಕಿಲ್ಲ. ನಮ್ಮ ಸೋದರಮಾವನವರು ಹಬ್ಬದ ಹೊಸ ಧೋತರವುಟ್ಟು, ಬೇಡವೆಂದರೂ ಕೇಳದೆ, ಆ ಹುಲ್ಲಿನ ನಡುವೆಯೇ ಒಳದಾರಿ ಹಿಡಿದು ಬೀಗರ ಮನೆಗೆ ಹೋದರು. ಅವರು ಪಂಕ್ತಿಯಲ್ಲಿ ಕೂತು ಎದ್ದು, ಎದ್ದು ಕೂತು, ಮಗ್ಗುಲು ಬದಲಿಸುವುದನ್ನು ಕಂಡ ಬೀಗರು, ಉಪಚಾರದಲ್ಲಿ ಕೊರತೆಯಾಯಿತೆಂದು ಬಗೆದು, ಒಂದೊಂದು ಸಲ ಎದ್ದಾಗಲೂ ಒಂದೊಂದು ಹೋಳಿಗೆ ಬಡಿಸಿದರಂತೆ.

ಚಿಗರಿಗಳ ವಿಚಾರ ಬೇರೆ. ಇಡೀ ಹೊಲದ ಹುಲ್ಲು ಅವುಗಳದೇ ಆಗಿದ್ದರೂ, ಪಕ್ಕದವರ ಕಡಲೆ ಮೊಳೆತದ್ದು ಅವಕ್ಕೆ ಅದು ಹೇಗೋ ತಿಳಿಯುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಕೃಷ್ಣಮೃಗದ ಹೆಸರಿರುವಾಗ ಅದರ ಮೈ ಮುಟ್ಟುವಂತಿಲ್ಲ. ಅದು ನಮ್ಮ ಹೊಲದಿಂದ ಜಿಗಿದು ಬರುವುದರಿಂದ ನನ್ನನ್ನು ಬೈಯಲು ಮಾತ್ರ ಯಾವ ಕಾಯ್ದೆಯೂ ಅಡ್ಡಬರುವುದಿಲ್ಲ. ಮೊನ್ನೆ ಬಂದ ಪಕ್ಕದವರು, ಹಿಂಡನ್ನೆಲ್ಲ ಕಟ್ಟಿಹಾಕಲಾಗದಿದ್ದರೆ ಹೋಗಲಿ, ಕೊಂಬು ತಿರುಚಿದ ಆ ಕರಿಯ ಗಂಡಿಗೊಂದು ಮೂಗುದಾರವನ್ನಾದರೂ ಹಾಕಿಸಬಾರದೇ ಎಂದು ಕೇಳಿ ಹೋಗಿದ್ದಾರೆ.