ನಾಲ್ಕನೇ ದಿನದ ಟಿಕ್ ಟಿಕ್

ಮಡಿಕೇರಿಯಲ್ಲಿ ಕಾರು ಇಟ್ಟುಕೊಂಡವರಿಗೆ ದೇವರು ಕೊಟ್ಟ ಅನುಕೂಲವೆಂದರೆ ಇಳಿಜಾರು. ಬ್ಯಾಟರಿ ಸತ್ತರೆ ತಳ್ಳಲು ಯಾರನ್ನೂ ಕರೆಯಬೇಕಿಲ್ಲ. ಕೀ ಆನ್ ಮಾಡಿ, ಎರಡನೇ ಗೇರಿಗೆ ಹಾಕಿ, ಕ್ಲಚ್ ತುಳಿದು ಹ್ಯಾಂಡ್‌ಬ್ರೇಕ್ ಇಳಿಸಿ, ಸ್ವಲ್ಪ ಜಾರಿದ ಮೇಲೆ ಕ್ಲಚ್ ಬಿಟ್ಟರೆ ಗಾಡಿ ಕೆಮ್ಮಿಕೊಂಡು ಎದ್ದುಬಿಡುತ್ತದೆ. ಆದರೆ ನಮ್ಮ ಮನೆಯೆದುರಿನ ಇಳಿಜಾರು ಮುಗಿಯುವುದು ಪಕ್ಕದ ಮನೆಯವರ ಗೇಟಿನಲ್ಲಿ. ಹಾಗಾಗಿ ನನಗೆ ಸಿಗುವುದು ಒಂದೇ ಚಾನ್ಸು.

ಕಕ್ಕಡದ ಮಳೆ, ಅಂದರೆ ಕೊಡಗಿನ ಜುಲೈ-ಆಗಸ್ಟಿನ ಜಡಿಮಳೆ. ಮೂರು ದಿನ ಕಾರು ತೆಗೆಯದಿದ್ದರೆ ನಾಲ್ಕನೇ ದಿನ ಬೆಳಿಗ್ಗೆ ಬರೀ ‘ಟಿಕ್ ಟಿಕ್’. “ನೀನೇ ಬಾಗಿಲು ಸರಿಯಾಗಿ ಹಾಕಿಲ್ಲ” ಎಂದು ಹೆಂಡತಿಯ ತಲೆಗೆ ಕಟ್ಟಿದೆ. ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ “ಬ್ಯಾಟರಿ ಹೋಯ್ತು ಸಾರ್” ಅಂದ. 35 ಆಂಪಿಯರ್ ಅವರ್‌ನ ಹೊಸದು ಹಾಕಿಸಿದೆ. ಅದೂ ನಾಲ್ಕನೇ ದಿನಕ್ಕೆ ಹಿರಿಯರ ಸಂಪ್ರದಾಯವನ್ನೇ ಪಾಲಿಸಿತು.

ಕೊನೆಗೆ ನಮ್ಮ ಬೀದಿಯ ವೈರಿಂಗ್ ಹುಡುಗ ಮಲ್ಟಿಮೀಟರ್ ಕೊಟ್ಟು ಹೇಳಿದ: “ಎಲ್ಲೋ ಕರೆಂಟ್ ಕುಡೀತಿದೆ ಅಂಕಲ್. ಮೈನಸ್ ವೈರ್ ಬಿಚ್ಚಿ, ಬ್ಯಾಟರಿಗೂ ವೈರಿಗೂ ನಡುವೆ ಮೀಟರ್ ಸಿಕ್ಕಿಸಿ. 10 ಆಂಪಿಯರ್ ತೂತಿಗೇ ಹಾಕಿ. ಕೀ ಮಾತ್ರ ತಿರುಗಿಸಬೇಡಿ.”

ತಿರುಗಿಸಿದೆ. ಅಭ್ಯಾಸಬಲ. ಮೀಟರಿನೊಳಗಿನ ಫ್ಯೂಸ್ ಹಾರಿತು.

ಮರುದಿನ ಹೊಸ ಫ್ಯೂಸಿನೊಂದಿಗೆ ಮತ್ತೆ ಶುರು. ಕಾರು ಲಾಕ್ ಮಾಡಿದ ತಕ್ಷಣ ಅದರೊಳಗಿನ ಕಂಪ್ಯೂಟರುಗಳು ಮಲಗುವುದಿಲ್ಲವಂತೆ, ಅರ್ಧ ಗಂಟೆಯಾದರೂ ಬೇಕಂತೆ. ನಡುವೆ ಬಾಗಿಲು ತೆಗೆದರೆ ಮಧ್ಯಾಹ್ನದ ನಿದ್ದೆಯ ಮಾವನವರ ಹಾಗೆ ಎಲ್ಲವೂ ಎದ್ದು ಕೂರುತ್ತವೆ. ಅದಕ್ಕೇ ಬಾಗಿಲು ತೆರೆದಿಟ್ಟು, ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಅದುಮಿ, ‘ಮುಚ್ಚಿದೆ’ ಎಂದು ಕಾರನ್ನು ನಂಬಿಸಿ, ಕೊಡೆ ಹಿಡಿದು ಕುಕ್ಕರುಗಾಲಲ್ಲಿ ಕೂತೆ. ನಲವತ್ತು ನಿಮಿಷದ ನಂತರ ಮೀಟರ್ ತೋರಿಸಿದ್ದು 0.45 ಆಂಪಿಯರ್. ಇರಬೇಕಾದದ್ದು 0.05ರೊಳಗೆ. ಅಷ್ಟರಲ್ಲಿ ನನ್ನ ಮೀನಖಂಡದಲ್ಲಿ ಒಂದು ಇಂಬಳ ಹೊಟ್ಟೆ ತುಂಬಿಸಿಕೊಂಡು ದ್ರಾಕ್ಷಿಯಾಗಿತ್ತು. ಅದರ ಲೆಕ್ಕಕ್ಕೆ ಮೀಟರಿಲ್ಲ.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ವೈಪರ್, ಹಾರ್ನ್, ಫ್ಯಾನ್: ಮೀಟರ್ ಕದಲಲಿಲ್ಲ. ‘ರೂಮ್’ ಎಂದು ಬರೆದದ್ದನ್ನು ಕಿತ್ತದ್ದೇ ತಡ, 0.03ಕ್ಕೆ ಇಳಿಯಿತು! ಆ ಸಂಸಾರದಲ್ಲಿದ್ದವರು ನಾಲ್ವರು: ಒಳಗಿನ ದೀಪ, ಡಿಕ್ಕಿ ದೀಪ, ಸ್ಟೀರಿಯೋ, ಡ್ಯಾಶ್‌ಬೋರ್ಡ್ ಬಾಕ್ಸಿನ ದೀಪ. ಹೊರಗಿನಿಂದ ಬಂದವನೆಂದು ಮೊದಲು ಸ್ಟೀರಿಯೋನನ್ನೇ ಹಿಡಿದೆ, ಊರಲ್ಲಿ ಏನಾದರೂ ಕಳೆದರೆ ಮಾಡುವ ಹಾಗೆ. ಅದು ನಿರಪರಾಧಿ. ಡಿಕ್ಕಿಯದ್ದೂ ಅಲ್ಲ. ಒಳಗಿನ ದೀಪ ಆರಿರುವುದು ಕಣ್ಣಿಗೇ ಕಾಣುತ್ತಿತ್ತು.

“ಬಾಕ್ಸಿನದ್ದು ಮುಚ್ಚಿದರೆ ಆರುತ್ತಲ್ಲೋ?” ಎಂದೆ ಹುಡುಗನಿಗೆ.

“ಒಳಗೆ ಕೂತು ನೋಡಿದ್ದೀರಾ ಅಂಕಲ್?”

ನನ್ನ ಫೋನ್ ಮಳೆಯಲ್ಲಿ ನೆಂದು ಅಕ್ಕಿ ಡಬ್ಬಿಯಲ್ಲಿತ್ತು. ಅವನು ನನ್ನ ಹೆಂಡತಿಯ ಫೋನ್ ಇಸಕೊಂಡು, ವಿಡಿಯೋ ಆನ್ ಮಾಡಿ ಬಾಕ್ಸಿನೊಳಗಿಟ್ಟು ಮುಚ್ಚಿದ. ನಾನು ಬಾನೆಟ್ ಹತ್ತಿರ ಮೀಟರ್ ಕಾಯುತ್ತಿದ್ದೆ. ಒಂದು ನಿಮಿಷವಾದ ಮೇಲೆ ಮೂವರೂ ಜಗಲಿಯಲ್ಲಿ ನಿಂತು ನೋಡಿದೆವು.

ದೀಪ ಗರ್ಭಗುಡಿಯ ನಂದಾದೀಪದಂತೆ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ದೇವರ ಹಾಗೆ ಕಪ್ಪಗೆ ಹೊಳೆಯುತ್ತಿದ್ದದ್ದು ಒಂದು ಬಾಟಲಿ ಕಾಚಂಪುಳಿ, ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ. ಬಾಟಲಿಯ ಬಿರಡೆ ಒತ್ತಿ ಬಾಕ್ಸಿನ ಮುಚ್ಚಳ ಕೂದಲೆಳೆಯಷ್ಟು ಎದ್ದಿತ್ತು, ದೀಪ ಆರಿಸುವ ಸ್ವಿಚ್ಚನ್ನು ಅದುಮುತ್ತಿರಲಿಲ್ಲ.

ಜೂನಿನಲ್ಲಿ ನಾನು ಮೈಸೂರಿಗೆ ಹೊರಟಾಗ ಅವಳು ಅಣ್ಣನಿಗೆಂದು ಕೊಟ್ಟ ಬಾಟಲಿ ಅದು. ವಾಪಸು ಬಂದು “ಕೊಟ್ಟೆ, ಭಾವ ತುಂಬಾ ಖುಷಿಪಟ್ಟರು” ಎಂದಿದ್ದೆ.

“ನೋಡು, 5 ವ್ಯಾಟಿನ ಬಲ್ಬು, ಅಂದರೆ 0.42 ಆಂಪಿಯರ್,” ಎಂದು ನಾನು ಗಡಿಬಿಡಿಯಲ್ಲಿ ಲೆಕ್ಕಕ್ಕಿಳಿದೆ. “ದಿನಕ್ಕೆ 10 ಆಂಪಿಯರ್ ಅವರ್. 35 ಇರುವ ಬ್ಯಾಟರಿ ಮೂರೂವರೆ ದಿನಕ್ಕೆ ಖಾಲಿ. ನಾಲ್ಕನೇ ದಿನದ ಲೆಕ್ಕ ಎಷ್ಟು ಸರಿಯಾಗಿ ಕೂತಿತು ನೋಡು!”

ಅವಳು ವಿಡಿಯೋ ನಿಲ್ಲಿಸಿ, ಎರಡು ಬೆರಳಲ್ಲಿ ಬಾಟಲಿಯನ್ನು ದೊಡ್ಡದು ಮಾಡಿದಳು.

“ರೀ, ಅಣ್ಣ ಎಷ್ಟು ಖುಷಿಪಟ್ಟ ಅಂದ್ರಿ?”